ಉಣ್ಣಲೊಲ್ಲದ ಮಕ್ಕಳು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಊಟವನ್ನೇ ಒಲ್ಲೆನೆನ್ನುವ ರೋಗವೂ ಒಂದಿದೆ. ಮುಂದೆ ತಟ್ಟೆ ಇದೆ, ತಟ್ಟೆಯಲ್ಲಿ ರೊಟ್ಟಿ ಇದೆ, ಬಡಿಸುವ ತಾಯಿ ಇದ್ದಾಳೆ. ಆದರೂ ಮಗಳ ಕೈ ಬಾಯಿಗೆ ಹೋಗುವುದಿಲ್ಲ. ಏಕೆಂದು ಕೇಳಿದರೆ ಅವಳಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಉಮರ್ಗಾ, ನಿಲಂಗಾ, ಉದಗೀರದ ಕಡೆಯ ನಮ್ಮ ಕನ್ನಡ ಮನೆಗಳಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಈ ನೆಲಕ್ಕೆ ಹಸಿವು ಹೊಸದಲ್ಲ. 1972ರ ಬರಗಾಲದಲ್ಲಿ ಕಲ್ಲು ಒಡೆದು, ಮಣ್ಣು ಹೊತ್ತು, ಸರ್ಕಾರ ಕೊಟ್ಟ ಸುಕಡಿ ತಿಂದು ಮಕ್ಕಳನ್ನು ಉಳಿಸಿಕೊಂಡ ಆಯಿ, ಮುತ್ಯಾ ಇನ್ನೂ ಕೆಲವು ಮನೆಗಳಲ್ಲಿದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪದಲ್ಲಿ ಮನೆ ಮಂದಿಯನ್ನು ಕಳೆದುಕೊಂಡು, ತಗಡಿನ ಶೆಡ್ಡುಗಳಲ್ಲಿ ಒಲೆ ಹೂಡಿ ಮತ್ತೆ ಬದುಕು ಕಟ್ಟಿದವರೂ ಇದ್ದಾರೆ. ಅಂಥ ಆಯಿಗೆ, "ಅನ್ನ ಎದುರಿಗಿದ್ದರೂ ಮೊಮ್ಮಗಳು ಉಣ್ಣುತ್ತಿಲ್ಲ, ಅದೂ ಒಂದು ಕಾಯಿಲೆ" ಎಂದರೆ ನಂಬುವಳೇ? "ಹೊಟ್ಟಿ ತುಂಬಿದವರ ಸೊಕ್ಕು ಇದು" ಎಂದಾಳು. ಅವಳ ಮಾತಿನಲ್ಲಿ ಅವಳ ಕಾಲದ ನೋವಿದೆ. ಆದರೆ ಮೊಮ್ಮಗಳ ನೋವಿಗೆ ಅದರಲ್ಲಿ ಉತ್ತರವಿಲ್ಲ.

ಪ್ರಿಯ ಕುಟುಂಬಗಳೇ, ಇಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ. ಡಾಕ್ಟರಾಗಲಿ ಎಂದು ಲಾತೂರಿನ ಕೋಚಿಂಗಿಗೆ ಕಳುಹಿಸಿದ್ದಾರೆ, ಹಾಸ್ಟೆಲಿನಲ್ಲಿ ಇಟ್ಟಿದ್ದಾರೆ. ದೀಪಾವಳಿ ರಜೆಗೆ ಬಂದಾಗ ಮೈ ಸ್ವಲ್ಪ ಇಳಿದಿದೆ, "ಚಲೋ ಕಾಣಸ್ತೀ" ಎಂದು ನೆರೆಯವರು ಹೊಗಳುತ್ತಾರೆ. ಕ್ರಿಸ್ತಜಯಂತಿಗೆ ಬಂದಾಗ ಕೊರಳ ಎಲುಬು ಕಾಣುತ್ತಿದೆ. "ನನಗ ಹಸಿವಿಲ್ಲವ್ವ, ಬಸ್ ಸ್ಟ್ಯಾಂಡಿನಾಗ ತಿಂದು ಬಂದೀನಿ" ಎನ್ನುತ್ತಾಳೆ. ತಪಸ್ಸುಕಾಲ ಬಂದಾಗ "ನಲವತ್ತು ದಿನ ಒಪ್ಪತ್ತು ಮಾಡ್ತೀನಿ" ಎನ್ನುತ್ತಾಳೆ. ಮನೆಯವರು ಭಕ್ತಿ ಎಂದು ಸಂತೋಷಪಡುತ್ತಾರೆ. ಪಾಸ್ಖ ಹಬ್ಬ ಕಳೆದರೂ ಒಪ್ಪತ್ತು ಮುಗಿಯುವುದಿಲ್ಲ. ಆಗ ಮನೆಯಲ್ಲಿ ಗಾಬರಿ: ದೃಷ್ಟಿಯಾಯಿತೇ? ಗಾಳಿ ಸೋಕಿತೇ? ಯಾರನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆಯೇ? ಅವಳಿಗೆ ಕಾಯಿಲೆಯಾಗಿರಬಹುದು ಎಂಬ ಯೋಚನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಇದು ಮೊದಲೇ ಬರಬೇಕು ಎಂಬುದಕ್ಕಾಗಿ ಈ ಲೇಖನ.

ಇದು ಯಾವ ಕಾಯಿಲೆ?

ವೈದ್ಯರು ಇದನ್ನು ಅರಿತು ಸುಮಾರು 150 ವರ್ಷಗಳಾದವು. 1873ರಲ್ಲಿ ಫ್ರಾನ್ಸಿನ ಶಾರ್ಲ್ ಲಾಸೆಗ್ ಇದರ ವಿವರ ಬರೆದರು. ಅದೇ ಸಮಯದಲ್ಲಿ ಇಂಗ್ಲೆಂಡಿನ ವಿಲಿಯಂ ಗಲ್ ಇದಕ್ಕೆ 'ಅನೊರೆಕ್ಸಿಯಾ ನರ್ವೋಸಾ' ಎಂಬ ಹೆಸರನ್ನು ಕೊಟ್ಟರು. ಇದರಲ್ಲಿ ರೋಗಿ ಊಟವನ್ನು ಕಡಿಮೆ ಮಾಡುತ್ತ ಮಾಡುತ್ತ ಅಪಾಯದ ಮಟ್ಟಕ್ಕೆ ತೂಕ ಇಳಿಸಿಕೊಳ್ಳುತ್ತಾಳೆ. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಇನ್ನೊಂದು ರೂಪವನ್ನು ಗುರುತಿಸಿ 'ಬುಲಿಮಿಯಾ ನರ್ವೋಸಾ' ಎಂದರು. ಇದರಲ್ಲಿ ರೋಗಿ ಗುಟ್ಟಾಗಿ ಒಂದೇ ಸಲಕ್ಕೆ ವಿಪರೀತ ತಿಂದು, ಆಮೇಲೆ ಹೆದರಿ ವಾಂತಿ ಮಾಡಿಕೊಳ್ಳುತ್ತಾಳೆ ಇಲ್ಲವೆ ಭೇದಿ ಮಾತ್ರೆ ನುಂಗುತ್ತಾಳೆ. ಇವರ ತೂಕ ಸಾಮಾನ್ಯವಾಗಿಯೇ ಇರುವುದರಿಂದ ಮನೆಯವರಿಗೆ ವರ್ಷಗಟ್ಟಲೆ ತಿಳಿಯದೆ ಹೋಗಬಹುದು. ಮೂರನೆಯ ರೂಪದಲ್ಲಿ ವಾಂತಿಯಿಲ್ಲ, ಹಿಡಿತವಿಲ್ಲದೆ ತಿನ್ನುವುದು ಮತ್ತು ಆಮೇಲೆ ನಾಚಿಕೆಯಿಂದ ಕುಗ್ಗುವುದು ಮಾತ್ರ ಇದೆ.

ಹುಡುಗಿಯರಲ್ಲಿ ಹೆಚ್ಚು ಕಂಡರೂ ಹುಡುಗರಿಗೂ ಇದು ಬರುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಆರಂಭವಾಗುತ್ತದೆ. ಮಾನಸಿಕ ಕಾಯಿಲೆಗಳ ಪೈಕಿ ಪ್ರಾಣಾಪಾಯ ಅತಿ ಹೆಚ್ಚಾಗಿರುವ ಕಾಯಿಲೆಗಳಲ್ಲಿ ಅನೊರೆಕ್ಸಿಯಾ ಒಂದು. ಆದ್ದರಿಂದ ಇದನ್ನು ಶೋಕಿ, ಹಟ, ಸೊಕ್ಕು ಎಂದು ಕರೆಯುವುದನ್ನು ನಾವು ಬಿಡಬೇಕು.

ಮಿದುಳಿನಲ್ಲಿರುವ ಮೈಯ ನಕಾಶೆ

ನಮ್ಮ ಹಳ್ಳಿಯ ಹಳೆಯ ಮನೆಗಳ ಬಾಗಿಲು ಗಿಡ್ಡ. ತಲೆಯ ಮೇಲೆ ಕೊಡ ಹೊತ್ತ ಹೆಣ್ಣುಮಗಳು ಒಳಗೆ ಬರುವಾಗ ಅಳತೆಪಟ್ಟಿ ಹಿಡಿದು ನೋಡುವುದಿಲ್ಲ. ಬೇಕಾದಷ್ಟೇ ಬಗ್ಗುತ್ತಾಳೆ, ಕೊಡ ತಾಗುವುದಿಲ್ಲ. ಕಣ್ಣು ಮುಚ್ಚಿ ಮೂಗು ಮುಟ್ಟಿಕೊಳ್ಳಿ ಎಂದರೆ ಬೆರಳು ನೇರ ಮೂಗಿಗೇ ಹೋಗುತ್ತದೆ. ಇದು ಹೇಗೆ ಸಾಧ್ಯ? ನಮ್ಮ ಮಿದುಳು ನಮ್ಮ ಮೈಯ ಒಂದು ನಕಾಶೆಯನ್ನು ಇಟ್ಟುಕೊಂಡಿದೆ. ಕಣ್ಣು, ಚರ್ಮ, ಕೀಲು, ಸ್ನಾಯು, ಹೊಟ್ಟೆ, ಎದೆ ಇವೆಲ್ಲ ಕಳುಹಿಸುವ ಸುದ್ದಿಯಿಂದ ಆ ನಕಾಶೆಯನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ.

ಆ ನಕಾಶೆಯೇ ತಪ್ಪಾದರೆ? 1973ರಲ್ಲಿ ಲಂಡನ್ನಿನಲ್ಲಿ ಪೀಟರ್ ಸ್ಲೇಡ್ ಮತ್ತು ಜೆರಾಲ್ಡ್ ರಸೆಲ್ ಒಂದು ಸರಳ ಪರೀಕ್ಷೆ ಮಾಡಿದರು. ಕತ್ತಲ ಕೋಣೆಯಲ್ಲಿ ಎರಡು ದೀಪಗಳು. ಅವನ್ನು ಹತ್ತಿರ ಅಥವಾ ದೂರ ಸರಿಸಿ, "ನಿನ್ನ ಸೊಂಟ ಇಷ್ಟು ಅಗಲ ಎನ್ನಿಸಿದಾಗ ಹೇಳು" ಎಂದರು. ಅನೊರೆಕ್ಸಿಯಾ ಇದ್ದ ಹುಡುಗಿಯರು ತಮ್ಮ ಮುಖ, ಎದೆ, ಸೊಂಟಗಳನ್ನು ಇದ್ದುದಕ್ಕಿಂತ ಬಹಳ ಅಗಲವೆಂದು ತೋರಿಸಿದರು. ಆದರೆ ಬೇರೆ ವಸ್ತುಗಳ ಅಳತೆಯನ್ನು ಹೇಳುವಾಗ ಇಂಥ ತಪ್ಪು ಆಗಲಿಲ್ಲ. ಅಂದರೆ ಕಣ್ಣಿಗೆ ದೋಷವಿರಲಿಲ್ಲ, ಬುದ್ಧಿಯೂ ಚುರುಕಾಗಿತ್ತು. ತಮ್ಮ ಮೈಯ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಿತ್ತು. ಎಲ್ಲ ರೋಗಿಗಳಲ್ಲಿಯೂ ಹೀಗೇ ಆಗುವುದಿಲ್ಲ, ಆರೋಗ್ಯವಂತರಲ್ಲಿಯೂ ಸ್ವಲ್ಪ ಮಟ್ಟಿಗೆ ಈ ತಪ್ಪು ಇರುತ್ತದೆ ಎಂದು ನಂತರದ ಅಧ್ಯಯನಗಳು ತಿಳಿಸಿದವು.

2013ರಲ್ಲಿ ನೆದರ್ಲೆಂಡಿನ ಸಂಶೋಧಕರು ಇನ್ನೊಂದು ಸಂಗತಿಯನ್ನು ಕಂಡರು. ಬೇರೆ ಬೇರೆ ಅಗಲದ ಬಾಗಿಲುಗಳ ಮೂಲಕ ನಡೆಯಲು ಹೇಳಿದರು. ಸಾಮಾನ್ಯ ಹೆಂಗಸರು ಬಾಗಿಲು ತಮ್ಮ ಭುಜಕ್ಕಿಂತ 25 ಶೇಕಡಾದಷ್ಟು ಮಾತ್ರ ಅಗಲವಿದ್ದಾಗ ಮೈ ಓರೆ ಮಾಡಿ ದಾಟತೊಡಗಿದರು. ಅನೊರೆಕ್ಸಿಯಾ ಇದ್ದವರು 40 ಶೇಕಡಾ ಅಗಲವಿದ್ದಾಗಲೇ ಓರೆಯಾದರು. ಅವರಿಗೆ ಏಕೆ ಪರೀಕ್ಷೆ ಎಂಬುದು ತಿಳಿದಿರಲಿಲ್ಲ, ಕಾಲು ತಾನೇ ಹಾಗೆ ನಡೆಯಿತು. ಚರ್ಮದ ಮೇಲೆ ಎರಡು ಕಡೆ ಮುಟ್ಟಿ "ಎಷ್ಟು ಅಂತರ?" ಎಂದು ಕೇಳಿದಾಗಲೂ ಅವರು ಹೆಚ್ಚಿನ ಅಂತರವನ್ನೇ ಹೇಳಿದರು.

ಇದರಿಂದ ನಾವು ಕಲಿಯಬೇಕಾದ ಪಾಠ ದೊಡ್ಡದು. "ಕನ್ನಡಿ ನೋಡ್ಕೊ, ಎಲುಬು ಎಣಿಸಬಹುದು, ಎಲ್ಲಿದೆ ನಿನಗ ಬೊಜ್ಜು?" ಎಂದು ನಾವು ವಾದ ಮಾಡುತ್ತೇವೆ. ಅವಳು ಸುಳ್ಳು ಹೇಳುತ್ತಿಲ್ಲ. ನಮಗೆ ಕಂಡದ್ದು ಅವಳಿಗೆ ಕಾಣುತ್ತಿಲ್ಲ. ನಡೆಯುವಾಗ, ಕೂಡುವಾಗ, ಬಟ್ಟೆ ಮೈಗೆ ತಾಗುವಾಗ ಅವಳಿಗೆ ತನ್ನ ಮೈ ದೊಡ್ಡದು ಎಂದೇ ಅನಿಸುತ್ತದೆ. ವಾದದಿಂದ ಅನಿಸಿಕೆ ಬದಲಾಗುವುದಿಲ್ಲ.

ಹಸಿವೇ ಮನಸ್ಸನ್ನು ಕೆಡಿಸುತ್ತದೆ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಯುದ್ಧದಲ್ಲಿ ಹಸಿದವರಿಗೆ ಹೇಗೆ ಮತ್ತೆ ಉಣಿಸಬೇಕು ಎಂಬುದನ್ನು ಅರಿಯುವುದು ಉದ್ದೇಶ. ಆತ್ಮಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲು ಒಪ್ಪದ 36 ಯುವಕರು ತಾವಾಗಿ ಮುಂದೆ ಬಂದರು. ಅವರಲ್ಲಿ ಅನೇಕರು ಶಾಂತಿಯನ್ನೇ ವ್ರತವಾಗಿ ಹಿಡಿದ ಕ್ರೈಸ್ತ ಪಂಗಡಗಳವರು. ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು ತಮ್ಮ ತೂಕದ ಕಾಲು ಭಾಗವನ್ನು ಕಳೆದುಕೊಂಡರು.

ಆರೋಗ್ಯವಂತರೆಂದೇ ಆರಿಸಿದ್ದ ಆ ಯುವಕರಿಗೆ ಏನಾಯಿತು? ಹಗಲಿರುಳು ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುವ ಗೀಳು. ಒಂದೊಂದು ಊಟವನ್ನು ತಾಸುಗಟ್ಟಲೆ ಎಳೆಯುವುದು. ಸಿಟ್ಟು, ಖಿನ್ನತೆ, ಯಾರ ಸಹವಾಸವೂ ಬೇಡವೆನ್ನುವುದು, ಬೇಸಿಗೆಯಲ್ಲೂ ಚಳಿ. ಇನ್ನೂ ಆಶ್ಚರ್ಯವೆಂದರೆ, ತಾವು ಬಡಕಲಾದದ್ದು ಅವರಿಗೆ ಅಷ್ಟಾಗಿ ಕಾಣಲಿಲ್ಲ, ಬೇರೆಯವರೇ ತೀರ ದಪ್ಪವೆಂದು ಕಂಡರು!

ಅವರಲ್ಲಿ ಯಾರೂ ಸೌಂದರ್ಯಕ್ಕಾಗಿ ಊಟ ಬಿಟ್ಟವರಲ್ಲ. ಹಸಿವೆಯೇ ಮನಸ್ಸನ್ನೂ ನೋಟವನ್ನೂ ಬದಲಿಸಿತು. ಆದ್ದರಿಂದಲೇ ಇಂದಿನ ವೈದ್ಯರು, ಮೊದಲು ತೂಕ ಏರಬೇಕು, ಆಗಲೇ ಮನಸ್ಸು ಮಾತು ಕೇಳುವ ಸ್ಥಿತಿಗೆ ಬರುತ್ತದೆ ಎನ್ನುತ್ತಾರೆ. ಹಸಿದ ಮಿದುಳಿಗೆ ನಾವು ಎಷ್ಟೇ ಉಪದೇಶ ಮಾಡಿದರೂ ಅದು ಒಳಗೆ ಇಳಿಯುವುದಿಲ್ಲ.

ಹೊಟ್ಟೆಯ ಮಾತು ಕೇಳಿಸದಿದ್ದರೆ

ಹೊರಗಿನ ಐದು ಇಂದ್ರಿಯಗಳನ್ನು ನಾವು ಬಲ್ಲೆವು. ಒಳಗಿನದನ್ನು ಅರಿಯುವ ಶಕ್ತಿಯೂ ನಮಗಿದೆ. ಹಸಿವು, ನೀರಡಿಕೆ, ಹೊಟ್ಟೆ ತುಂಬಿದ ತೃಪ್ತಿ, ಎದೆಬಡಿತ, ದಣಿವು ಇವನ್ನು ತಿಳಿಸುವುದು ಅದೇ. ಹಿಲ್ಡೆ ಬ್ರುಕ್ ಎಂಬ ಮನೋವೈದ್ಯೆ 1962ರಲ್ಲಿಯೇ, ಅನೊರೆಕ್ಸಿಯಾ ರೋಗಿಗಳಲ್ಲಿ ಮೈಯ ಚಿತ್ರ ಕೆಟ್ಟಿರುವುದಲ್ಲದೆ ಒಳಗಿನ ಈ ಸಂಕೇತಗಳನ್ನು ಗುರುತಿಸುವ ಶಕ್ತಿಯೂ ಕೆಟ್ಟಿರುತ್ತದೆ ಎಂದು ಬರೆದರು. ಹಸಿವು ಯಾವುದು, ಭಯ ಯಾವುದು, ಸಿಟ್ಟು ಯಾವುದು, ದುಃಖ ಯಾವುದು ಎಂಬುದು ಅವರಿಗೆ ಬೇರ್ಪಡಿಸಿ ತಿಳಿಯುವುದಿಲ್ಲ. ಎಲ್ಲವೂ ಒಂದೇ ಸಂಕಟ.

ಇದರೊಂದಿಗೆ ಶರೀರದ ನಿಜವಾದ ಬದಲಾವಣೆಯೂ ಸೇರುತ್ತದೆ. ಬಹಳ ದಿನ ಕಡಿಮೆ ಉಂಡವರ ಜಠರ ನಿಧಾನವಾಗುತ್ತದೆ. ಉಂಡದ್ದು ಬೇಗ ಮುಂದೆ ಹೋಗುವುದಿಲ್ಲ. ಅರ್ಧ ರೊಟ್ಟಿಗೇ ಹೊಟ್ಟೆ ಉಬ್ಬುತ್ತದೆ, ವಾಕರಿಕೆ ಬರುತ್ತದೆ. "ಹೊಟ್ಟಿ ತುಂಬೇತಿ" ಎಂದು ಮಗಳು ಹೇಳಿದರೆ ಅದು ನೆಪವಲ್ಲ, ಅವಳಿಗೆ ನಿಜವಾಗಿಯೂ ಹಾಗೆ ಆಗುತ್ತಿದೆ. ಕ್ರಮವಾಗಿ ಉಣ್ಣತೊಡಗಿದ ಮೇಲೆ ವಾರಗಳಲ್ಲಿ ಇದು ಸರಿಹೋಗುತ್ತದೆ.

ನಮ್ಮ ದೇಶದ ಮಟ್ಟಿಗೆ ಈ ಮಾತು ಇನ್ನೂ ಮುಖ್ಯ. 1995ರಲ್ಲಿ ದೆಹಲಿಯ ಮನೋವೈದ್ಯರು ಐವರು ಯುವತಿಯರ ವಿವರವನ್ನು ಪ್ರಕಟಿಸಿದರು. ಊಟ ನಿರಾಕರಣೆ, ನಿಲ್ಲದ ವಾಂತಿ, ತೂಕ ಇಳಿಕೆ, ಮುಟ್ಟು ನಿಂತಿರುವುದು ಎಲ್ಲವೂ ಇತ್ತು. ಆದರೆ ಪಾಶ್ಚಾತ್ಯ ಪುಸ್ತಕಗಳು ಹೇಳುವಂತೆ ತಮ್ಮ ಮೈಯ ಆಕಾರದ ಬಗ್ಗೆ ತಪ್ಪು ಕಲ್ಪನೆ ಅವರಲ್ಲಿ ಇರಲಿಲ್ಲ. 1993ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರು 70 ರೋಗಿಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ದಪ್ಪವಾಗುವ ಭಯ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಎಂಬುದೇ ಅವರ ದೂರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಮಕ್ಕಳ ಊಟದ ತೊಂದರೆ ಹೆಚ್ಚಾಗಿ ಕಂಡದ್ದು ಮನಸ್ಸಿನ ಕಾರಣದ ವಾಂತಿಯಾಗಿ. ಇದು ನಮ್ಮ ಸೀಮೆಗೆ ಬಾರದ ರೋಗವೆಂದೂ ಹೇಳುವಂತಿಲ್ಲ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಮಾರು ಮೂರರಲ್ಲಿ ಇಬ್ಬರು ತಾವು ಇಂಥ ಒಬ್ಬ ರೋಗಿಯನ್ನಾದರೂ ನೋಡಿದ್ದೇವೆ ಎಂದರು.

ಹಾಗಾದರೆ ನಿಲಂಗಾದ ಅಥವಾ ಉದಗೀರದ ತಾಯಿ ಯಾವ ಮಾತಿಗೆ ಕಿವಿಗೊಡಬೇಕು? "ನಾನು ದಪ್ಪ" ಎಂಬ ಮಾತಿಗಾಗಿ ಕಾಯಬಾರದು. ಮಗಳು ಅದನ್ನು ಎಂದೂ ಹೇಳದೇ ಇರಬಹುದು. "ಗಂಟಲದಾಗ ಇಳಿಯವಲ್ದು", "ವಾಸನಿ ಬಂದ್ರ ಸಾಕು ವಾಕರಿಕಿ ಬರ್ತದ", "ಮೈ ಭಾರ ಅನಸ್ತದ" ಎಂಬ ಮಾತುಗಳೇ ಅವಳ ಕಾಯಿಲೆಯ ಭಾಷೆ ಇರಬಹುದು. ನಮ್ಮ ಗಡಿಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಡಾಕ್ಟರ ಚೀಟಿಯಲ್ಲಿ ಇಂಗ್ಲಿಷ್. ಒಳಗಿನ ಸಂಕಟವನ್ನು ಹೇಳಲು ಮನೆಮಾತೇ ಬೇಕು. 'ಸಂಕಟ', 'ತಳಮಳ', 'ಹೊಟ್ಟೆ ಉಬ್ಬರ' ಎಂಬ ಪದಗಳು ಮೂರು ಭಾಷೆ ದಾಟುವಷ್ಟರಲ್ಲಿ 'ಆ್ಯಸಿಡಿಟಿ' ಎಂಬ ಒಂದೇ ಪದವಾಗಿ, ಒಂದು ಮಾತ್ರೆಯಾಗಿ ಮುಗಿದುಹೋಗುತ್ತವೆ. ಆದ್ದರಿಂದ ಮಗಳು ತನ್ನ ಮಾತಿನಲ್ಲಿ ಹೇಳಿದ್ದನ್ನು ತಾಯಿ ಹಾಗೆಯೇ ನೆನಪಿಟ್ಟು, ಡಾಕ್ಟರಿಗೆ ಬಿಡಿಸಿ ಹೇಳಬೇಕು.

ನಮ್ಮ ಬಾಯಿಂದ ಬೀಳುವ ಕಿಡಿಗಳು

ಇದಕ್ಕೆ ಒಂದೇ ಕಾರಣವಿಲ್ಲ. ರಕ್ತಸಂಬಂಧದಲ್ಲಿ ಬರುವ ಗುಣ, ಎಲ್ಲವೂ ನೂರಕ್ಕೆ ನೂರು ಇರಬೇಕೆಂಬ ಸ್ವಭಾವ, ಪರೀಕ್ಷೆಯ ಒತ್ತಡ, ಮನೆಯ ಜಗಳ, ಸಾವಿನ ದುಃಖ, ಅಪಮಾನ, ಲೈಂಗಿಕ ಕಿರುಕುಳ ಇವೆಲ್ಲ ಸೇರಬಹುದು. ತಂದೆತಾಯಿಯೇ ಕಾರಣ ಎಂದು ಬೆರಳು ತೋರಿಸುವುದು ತಪ್ಪು. ಆದರೆ ಒಣಗಿದ ಹುಲ್ಲಿಗೆ ಕಿಡಿ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಹೆಣ್ಣು ನೋಡಲು ಬಂದವರು "ಹುಡುಗಿ ತುಸು ದಪ್ಪ" ಎಂದು ಹೇಳಿ ಹೋಗುತ್ತಾರೆ, ನಾವು ಅದನ್ನೇ ಮಗಳ ಮುಂದೆ ಹತ್ತು ಸಲ ಆಡುತ್ತೇವೆ. ಮದುವೆ ಮನೆಯಲ್ಲಿ ಸೋದರತ್ತೆ "ಏನವ್ವ, ಗುಂಡಗಾಗೀದಿ" ಎಂದು ನಗೆಯಾಡುತ್ತಾಳೆ. ನಕ್ಕವರಿಗೆ ಅದು ಮರೆತುಹೋಗುತ್ತದೆ, ಕೇಳಿದವಳಿಗೆ ಮರೆಯುವುದಿಲ್ಲ. ಇನ್ನು ಮೊಬೈಲಿನಲ್ಲಿ ತಿದ್ದಿ ತೀಡಿದ ಮುಖ, ಮೈಗಳು ದಿನವಿಡೀ ಕಣ್ಣಮುಂದೆ ಓಡುತ್ತವೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ತುಂಬಿದ ಮೈಯೇ ಚೆಂದ ಎಂಬ ಭಾವನೆ ಇತ್ತು. ಅಲ್ಲಿಯ ಒಂದು ಸೀಮೆಗೆ 1995ರಲ್ಲಿ ಟಿ.ವಿ. ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಶಾಲಾ ಹುಡುಗಿ ಆಗ ಒಬ್ಬಳೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ 100ಕ್ಕೆ 11 ಹುಡುಗಿಯರು ಹೌದೆಂದರು. ಮೂರೇ ವರ್ಷ!

ಹುಡುಗರ ಕಥೆ ಬೇರೆ ರೀತಿಯದು. ಅವರಿಗೆ ತಮ್ಮ ಮೈ ಸಣಕಲೆಂದು ಕಾಣುತ್ತದೆ. ಜಿಮ್ಮಿನಲ್ಲಿ ತಾಸುಗಟ್ಟಲೆ ಇದ್ದು, ಯಾರೋ ಕೊಟ್ಟ ಪುಡಿ, ಇಂಜೆಕ್ಷನ್ನುಗಳನ್ನು ತೆಗೆದುಕೊಂಡರೂ ತೃಪ್ತಿಯಿಲ್ಲ. ಇಲ್ಲಿಯೂ ಕೆಟ್ಟಿರುವುದು ಅದೇ ನಕಾಶೆ.

ಇದು ಉಪವಾಸವಲ್ಲ

ಗುರುಗಳಾಗಿ ನಾವು ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ತಪಸ್ಸುಕಾಲದ ಉಪವಾಸದ ಹೆಸರಿನಲ್ಲಿ ಈ ಕಾಯಿಲೆ ಅಡಗಿ ಕುಳಿತುಕೊಳ್ಳಬಹುದು. ಮನೆಯವರು ಭಕ್ತಿ ಎಂದು ಸುಮ್ಮನಾಗುತ್ತಾರೆ, ಧರ್ಮಕೇಂದ್ರದಲ್ಲಿ ಹೊಗಳಿಕೆ ಸಿಗುತ್ತದೆ, ರೋಗ ಬೆಳೆಯುತ್ತದೆ.

ಧರ್ಮಸಭೆ ಏನು ಹೇಳುತ್ತದೆ? 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಉಪವಾಸದ ಕಟ್ಟಳೆ 18 ವರ್ಷ ತುಂಬಿದವರಿಗೆ ಆರಂಭವಾಗಿ 60ನೆಯ ವರ್ಷ ಹಿಡಿದಾಗ ಮುಗಿಯುತ್ತದೆ. ಮಾಂಸವರ್ಜನೆ 14 ತುಂಬಿದವರಿಗೆ. ಕಡ್ಡಾಯ ಉಪವಾಸದ ದಿನಗಳು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳಲ್ಲೂ ಒಂದು ಪೂರ್ಣ ಊಟಕ್ಕೆ ಅವಕಾಶವಿದೆ. ಕಾಯಿಲೆಯವರಿಗೆ ಈ ಕಟ್ಟಳೆ ಅನ್ವಯಿಸುವುದಿಲ್ಲ. ಹದಿನಾರರ ಹುಡುಗಿ ನಲವತ್ತು ದಿನ ಹಸಿದಿರಲಿ ಎಂದು ಧರ್ಮಸಭೆ ಎಂದೂ ಕೇಳಿಲ್ಲ.

ಸಂತರ ಜೀವನವೂ ನಮಗೆ ಎಚ್ಚರಿಕೆ ಕೊಡುತ್ತದೆ. ಸಿಯೆನಾದ ಸಂತ ಕ್ಯಾಥರೀನ್ ಧರ್ಮಸಭೆಯ ಪಂಡಿತೆ, ಮಹಾ ಸಂತೆ. ಆದರೆ ಅವರು ಉಣ್ಣಲಾರದೆ ಬಹಳ ಬಳಲಿದರು, 1380ರಲ್ಲಿ 33ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಎಲ್ಲರಂತೆ ಉಣ್ಣುವ ಕೃಪೆ ಕೊಡು ಎಂದು ದೇವರನ್ನು ಬೇಡಿಕೊಳ್ಳುತ್ತಿರುವುದಾಗಿ ಅವರೇ ಒಂದು ಪತ್ರದಲ್ಲಿ ತಿಳಿಸಿದ್ದಾರೆ. ನಾವು ಅವರಿಂದ ಕಲಿಯಬೇಕಾದದ್ದು ಅವರ ಪ್ರೀತಿ, ಧೈರ್ಯ, ಪ್ರಾರ್ಥನೆ. ಖಾಲಿ ತಟ್ಟೆಯನ್ನಲ್ಲ. ಲೊಯೋಲಾದ ಸಂತ ಇಗ್ನಾಸಿಯವರು ಮನ್ರೇಸಾದಲ್ಲಿ ಕಠಿಣ ಉಪವಾಸ ಮಾಡಿ ಜೀವನವಿಡೀ ಹೊಟ್ಟೆನೋವನ್ನು ಅನುಭವಿಸಿದರು. ಮುಂದೆ 1548ರಲ್ಲಿ, ಅತಿಯಾಗಿ ಉಪವಾಸ ಮಾಡುತ್ತಿದ್ದ ಫ್ರಾನ್ಸಿಸ್ ಬೋರ್ಜಿಯಾ ಅವರಿಗೆ ಪತ್ರ ಬರೆದು, ಅದನ್ನು ತಗ್ಗಿಸುವಂತೆಯೂ ದೇವರ ಸೇವೆಗಾಗಿ ಶರೀರವನ್ನು ಕಾಪಾಡಿಕೊಳ್ಳುವಂತೆಯೂ ಬುದ್ಧಿ ಹೇಳಿದರು.

ಉಪವಾಸಕ್ಕೂ ರೋಗಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ನೋಡಬಹುದು. ಉಪವಾಸಕ್ಕೆ ಆರಂಭವಿದೆ, ಕೊನೆಯೂ ಇದೆ. ಹಬ್ಬ ಬಂದಾಗ ಉಪವಾಸಿ ಸಂತೋಷದಿಂದ ಉಣ್ಣುತ್ತಾನೆ, ರೋಗಿ ಹಬ್ಬದೂಟಕ್ಕೇ ಹೆದರುತ್ತಾಳೆ. ಉಪವಾಸಿ ಉಳಿಸಿದ ತುತ್ತನ್ನು ಬಡವನಿಗೆ ಕೊಟ್ಟು ನೆರೆಯವರಿಗೆ ಹತ್ತಿರವಾಗುತ್ತಾನೆ, ರೋಗಿ ಎಲ್ಲರಿಂದ ದೂರವಾಗುತ್ತಾಳೆ. ಹಿರಿಯರು ಬೇಡವೆಂದರೆ ಉಪವಾಸಿ ಬಿಡಬಲ್ಲ, ರೋಗಿಗೆ ಬಿಡಲಾಗುವುದಿಲ್ಲ. ಉಂಡದ್ದನ್ನೇ ಪಾಪವೆಂದು ಅಳುವ ಮಗುವಿಗೆ ನಾವು ಹೇಳಬೇಕಾದದ್ದು ಇಷ್ಟೇ: ಉಣ್ಣುವುದು ಪಾಪವಲ್ಲ. ಈಗ ನಿನ್ನ ತಪಸ್ಸೆಂದರೆ ತಟ್ಟೆಯಲ್ಲಿರುವುದನ್ನು ಉಣ್ಣುವುದೇ.

ಹನ್ನೆರಡು ವರ್ಷದ ಆ ಬಾಲಕಿ

ಸಂತ ಮಾರ್ಕರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ಪ್ರಸಂಗವಿದೆ. ಅವಳಿಗೆ ಹನ್ನೆರಡು ವರ್ಷ. ತಂದೆ ಪ್ರಭು ಯೇಸುವಿನ ಪಾದಕ್ಕೆ ಬೀಳುತ್ತಾನೆ. ಮನೆಯ ಮುಂದೆ ಅಳುವವರ ಗದ್ದಲ. ಪ್ರಭು ಅವರೆಲ್ಲರನ್ನೂ ಹೊರಗೆ ಕಳುಹಿಸಿ, ತಂದೆತಾಯಿಯನ್ನೂ ಮೂವರು ಶಿಷ್ಯರನ್ನೂ ಮಾತ್ರ ಒಳಗೆ ಕರೆದುಕೊಂಡು ಹೋಗುತ್ತಾರೆ. ಕೈ ಹಿಡಿದು ಎಬ್ಬಿಸುತ್ತಾರೆ. ಸತ್ತವಳು ಎದ್ದು ನಡೆದಾಡುತ್ತಾಳೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಪ್ರಭು ಹೇಳುವ ಕೊನೆಯ ಮಾತು ಯಾವುದು? ಅವಳಿಗೆ ಉಣ್ಣಲು ಏನಾದರೂ ಕೊಡಿ ಎಂಬುದು.

ಈ ಸಣ್ಣ ಮಾತನ್ನು ನಾವು ಎಷ್ಟೋ ಸಲ ಓದಿ ಮುಂದೆ ಹೋಗಿದ್ದೇವೆ. ಆದರೆ ಇಲ್ಲಿ ಒಂದು ಕ್ರಮವಿದೆ. ಮೊದಲು ಗದ್ದಲ ಹೊರಗೆ ಹೋಯಿತು. ನಂತರ ಕೈ ಹಿಡಿಯಲಾಯಿತು. ನಂತರ ತಂದೆತಾಯಿಯ ಕೈಯಿಂದಲೇ ಊಟ. ಅವಳನ್ನು ಎಬ್ಬಿಸಿದವರು ಪ್ರಭು, ಉಣಿಸುವ ಕೆಲಸವನ್ನು ಮಾತ್ರ ಮನೆಯವರಿಗೇ ಬಿಟ್ಟರು.

ಇಂದಿನ ಚಿಕಿತ್ಸೆಯೂ ಇದನ್ನೇ ಹೇಳುತ್ತದೆ. 1987ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, 18 ವರ್ಷದೊಳಗೆ ರೋಗ ಆರಂಭವಾಗಿ ಮೂರು ವರ್ಷ ದಾಟಿರದ ಮಕ್ಕಳಿಗೆ ಇಡೀ ಕುಟುಂಬವನ್ನು ಸೇರಿಸಿಕೊಂಡು ಮಾಡಿದ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿತು. ಅಂದಿನಿಂದ ಬೆಳೆದ ಪದ್ಧತಿಯಲ್ಲಿ ಕೆಲವು ಕಾಲ ಊಟದ ಜವಾಬ್ದಾರಿಯನ್ನು ತಂದೆತಾಯಿಯೇ ಹೊರುತ್ತಾರೆ. ಮಗು ಚೇತರಿಸಿದ ಹಾಗೆ ಆ ಜವಾಬ್ದಾರಿ ಮೆಲ್ಲಗೆ ಮಗುವಿಗೆ ಮರಳುತ್ತದೆ.

ಕುಟುಂಬಗಳು ಏನು ಮಾಡಬಹುದು?

1. ಲಕ್ಷಣಗಳನ್ನು ಗಮನಿಸಿ. ತೂಕ ಬೇಗ ಇಳಿಯುವುದು, ಮುಟ್ಟು ನಿಲ್ಲುವುದು, ಯಾವಾಗಲೂ ಚಳಿ, ತಲೆಸುತ್ತು, ಮೈಮೇಲೆ ನವಿರಾದ ಕೂದಲು, ಊಟದ ಹೊತ್ತಿಗೆ ತಪ್ಪಿಸಿಕೊಳ್ಳುವುದು, ಉಂಡ ತಕ್ಷಣ ಬಚ್ಚಲಿಗೆ ಹೋಗುವುದು, ಬೆರಳ ಗೆಣ್ಣಿನ ಮೇಲೆ ಗಾಯದ ಗುರುತು, ಹಲ್ಲು ಸವೆಯುವುದು, ಬೇರೆಯವರಿಗೆ ಬಗೆಬಗೆಯಾಗಿ ಅಡುಗೆ ಮಾಡಿ ತಾನು ಮುಟ್ಟದಿರುವುದು.

2. ಮೊದಲು ವೈದ್ಯರ ಬಳಿ ಹೋಗಿ. ತೂಕ ಇಳಿಯಲು ಕ್ಷಯ, ಥೈರಾಯಿಡ್, ಸಕ್ಕರೆ ಕಾಯಿಲೆ, ಕರುಳಿನ ಕಾಯಿಲೆಗಳೂ ಕಾರಣವಾಗಬಹುದು. ಅವನ್ನೆಲ್ಲ ಪರೀಕ್ಷಿಸಬೇಕು. ಅವು ಇಲ್ಲವೆಂದಾದರೆ "ಏನೂ ಇಲ್ಲ" ಎಂದು ಮನೆಗೆ ಬರಬೇಡಿ, ಮನೋವೈದ್ಯರನ್ನು ಕಾಣಿ. ಲಾತೂರು, ಸೊಲ್ಲಾಪುರ, ಬೀದರ, ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳು ನಮಗೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ.

3. ಎಚ್ಚರ ತಪ್ಪುವುದು, ಎದೆಬಡಿತ ತೀರ ನಿಧಾನವಾಗುವುದು ಅಥವಾ ಏರುಪೇರಾಗುವುದು, ನಿಲ್ಲದ ವಾಂತಿ, ನೀರೂ ಕುಡಿಯದಿರುವುದು, ಸಾಯುವ ಮಾತಾಡುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯಕ್ಕೆ ಅಪಾಯ.

4. ಬಹಳ ದಿನ ಉಣ್ಣದವರಿಗೆ ಒಮ್ಮೆಲೇ ಹೊಟ್ಟೆ ಬಿರಿಯುವಂತೆ ಉಣಿಸಬೇಡಿ. ರಕ್ತದ ಲವಣಗಳು, ಅದರಲ್ಲೂ ರಂಜಕ, ಹಠಾತ್ತಾಗಿ ಇಳಿದು ಪ್ರಾಣಕ್ಕೇ ಎರವಾಗಬಹುದು. ಯುದ್ಧಕಾಲದಲ್ಲಿ ಬಿಡುಗಡೆಯಾದ ಹಸಿದ ಕೈದಿಗಳು ಹೀಗೆ ಸತ್ತದ್ದುಂಟು. ಎಷ್ಟು, ಹೇಗೆ ಎಂಬುದನ್ನು ವೈದ್ಯರೇ ಹೇಳಲಿ.

5. ಊಟದ ಹೊತ್ತಿಗೆ ವಾದ ಬೇಡ, ಅಳು ಬೇಡ, ಹೊಡೆತ ಬೇಡ. ಒಬ್ಬರು ಪಕ್ಕದಲ್ಲಿ ಕುಳಿತು, ಬೇರೆ ಮಾತಾಡುತ್ತ, ತಟ್ಟೆ ಮುಗಿಯುವ ತನಕ ಜೊತೆಗಿರಿ. ಉಂಡ ಮೇಲೂ ಒಂದು ತಾಸು ಜೊತೆಗೇ ಇರಿ. ಮೃದುವಾಗಿರಿ, ಆದರೆ ಬಿಟ್ಟುಕೊಡಬೇಡಿ.

6. ಮೈಯ ಬಗ್ಗೆ ಮಾತಾಡುವುದನ್ನು ಮನೆಯಲ್ಲಿ ನಿಲ್ಲಿಸಿ. "ಈಗ ಮೈ ತುಂಬೇತಿ" ಎಂಬ ಹೊಗಳಿಕೆಯೂ ಚೇತರಿಸುತ್ತಿರುವ ಮಗುವಿಗೆ ಚುಚ್ಚುತ್ತದೆ. "ಇವತ್ತು ನಗು ಕಂಡಿತು" ಎನ್ನಿ.

7. ಅಣ್ಣತಮ್ಮ, ಅಕ್ಕತಂಗಿಯರನ್ನು ಮರೆಯಬೇಡಿ. ಮನೆಯ ಗಮನವೆಲ್ಲ ಒಬ್ಬಳ ಮೇಲೆ ಹೋದಾಗ ಉಳಿದ ಮಕ್ಕಳು ಮೂಕರಾಗುತ್ತಾರೆ.

8. ದೂರ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆ ಇದು. ಶುಲ್ಕವಿಲ್ಲ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡಬಹುದು.

ಧರ್ಮಕೇಂದ್ರದ ಕೆಲಸವೂ ಇದೆ. ಗುರುಗಳು, ಕನ್ಯಾಸ್ತ್ರೀಯರು, ಉಪದೇಶಿಗಳು ತಪಸ್ಸುಕಾಲಕ್ಕೆ ಮುಂಚೆ ಯುವಕ ಯುವತಿಯರಿಗೆ ಉಪವಾಸದ ಸರಿಯಾದ ಅರ್ಥವನ್ನು ತಿಳಿಸಬೇಕು. ಪ್ರಾರ್ಥನೆಗೆಂದು ಕರೆತಂದ ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಿ, ಕೂಡಲೇ ಆಸ್ಪತ್ರೆಯ ದಾರಿಯನ್ನೂ ತೋರಿಸಬೇಕು. ಪ್ರಾರ್ಥನೆಗೂ ಔಷಧಿಗೂ ಜಗಳವಿಲ್ಲ, ಎರಡೂ ದೇವರ ಕೊಡುಗೆಗಳೇ. ಇಂಥ ಮಗುವಿರುವ ಮನೆಯ ಬಗ್ಗೆ ಓಣಿಯಲ್ಲಿ ಮಾತು ಹುಟ್ಟದಂತೆ ನೋಡಿಕೊಳ್ಳುವುದೂ ಒಂದು ದಯಾಕಾರ್ಯ.

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆ ಬಂತೆಂದರೆ ಊರಿಗೆ ಊರೇ ಖಾಲಿಯಾಗಿ ಹೊಲ ಸೇರುತ್ತದೆ. ಮರಾಠಿಯವರೂ ಅದನ್ನು ನಮ್ಮ ಹೆಸರಿನಿಂದಲೇ ವೇಳ ಅಮಾವಾಸ್ಯೆ ಎನ್ನುತ್ತಾರೆ. ನಿಂತ ಜೋಳದ ನಡುವೆ ಅಂಬಲಿ, ಭಜ್ಜಿ, ಸಜ್ಜೆಯ ಉಂಡೆ ಬಿಚ್ಚಿ, ಜಾತಿ ಭಾಷೆ ಎಣಿಸದೆ ದಾರಿಹೋಕರನ್ನೂ ಕರೆದು ಉಣಿಸುತ್ತಾರೆ. ಅಲ್ಲಿ ಯಾರೂ ಯಾರ ಮೈಯನ್ನೂ ಅಳೆಯುವುದಿಲ್ಲ. ನಮ್ಮ ಪ್ರಭುವೂ ತನ್ನನ್ನು ನೆನೆಯಲು ನಮಗೆ ಬಿಟ್ಟುಹೋದದ್ದು ಒಂದು ಊಟವನ್ನೇ. ನಮ್ಮ ಶರೀರ ಪವಿತ್ರಾತ್ಮರ ದೇಗುಲವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ದೇಗುಲ ಸಣ್ಣದೋ ದೊಡ್ಡದೋ ಎಂದು ಒಳಗಿರುವವರು ಕೇಳುವುದಿಲ್ಲ.

ಉಣ್ಣಲಾರದೆ ಕುಳಿತ ಪ್ರತಿಯೊಂದು ಮಗುವಿನ ಪಕ್ಕದಲ್ಲಿ ತಾಳ್ಮೆಯಿಂದ ಕೂಡುವ ಒಬ್ಬರು ಇರಲಿ. ಆ ಮನೆಯ ಒಳಗೆ ಪ್ರಭು ಬಂದು ಅವಳ ಕೈ ಹಿಡಿಯಲಿ. ನಮ್ಮ ಎಲ್ಲ ಕುಟುಂಬಗಳನ್ನೂ ಅವರು ಹರಸಲಿ.